ಅವರ ಕೆರೆಗೆ ಆ ಹೆಸರು ಬಂದ ಬಗೆ

ಕರಿಗೊಂಡನಹಳ್ಳಿಯ ಕೆರೆಯ ಏರಿಯ ಮೇಲೆ ಆಳೆತ್ತರದ ಶಾಸನದ ಕಲ್ಲೊಂದು ನಿಂತಿದೆ. ಮೇಲೆ ಸೂರ್ಯಚಂದ್ರರು, ಕೆಳಗೆ ಹನ್ನೊಂದು ಸಾಲು ಅಕ್ಷರ; ನಡುವೆ ಗೇಣುದ್ದ ಜಾಗ ಮಾತ್ರ ನುಣ್ಣಗಿದೆ. ಅಕ್ಷರ ಸವೆದುಹೋಗಿದೆ ಎಂದು ನೋಡಬಂದವರು ಮರುಗುತ್ತಾರೆ. ಅಲ್ಲಿ ಉಳಿಯೇ ತಾಗಿಲ್ಲ.

ಹಿಂದೆ ಒಮ್ಮೆ ಈ ಸೀಮೆಯನ್ನು ಪಾಳೆಯಗಾರರ ಮನೆಯ ವಿಧವೆ ಹೊನ್ನಾಜಮ್ಮಣ್ಣಿ ಆಳುತ್ತಿದ್ದಳು ಎನ್ನುತ್ತಾರೆ. ಆಕೆಗೆ ಮಕ್ಕಳಿರಲಿಲ್ಲ, ಗಂಡನ ಹೆಸರು ಉಳಿಯಬೇಕಾದರೆ ತಾನು ಕಟ್ಟಿಸಿದ ಈ ಕೆರೆಯೊಂದೇ ದಾರಿ. ಮೊದಲು ಮಂಟಪ ಕಟ್ಟಿಸಿದಾಗ ಊರ ಲೆಕ್ಕಿಗ ಸದ್ದಿಲ್ಲದೆ ತನ್ನ ಮಾವನ ಹೆಸರನ್ನು ಕಲ್ಲಿಗೇರಿಸಿದ್ದ. ಆದ್ದರಿಂದ ಈ ಸಲ ಕಟ್ಟಪ್ಪಣೆಯಾಯಿತು: ತನ್ನ ಬಾಯಿಂದ ಬಾರದ ಹೆಸರನ್ನು ಯಾರೂ ಕೆತ್ತಬಾರದು, ಕರೆಯಲೂ ಬಾರದು, ತಪ್ಪಿದವರಿಗೆ ಕೆರೆಯ ನೀರಿಲ್ಲ.

ಕೆರೆ ತುಂಬಿದ ದಿನ ಊರೆಲ್ಲ ಏರಿಯ ಮೇಲೆ ನೆರೆಯಿತು. ಕಲ್ಲುಕುಟಿಗ ಕಾಳೋಜ ಉಳಿ ಹಿಡಿದು ಕೂತ. ಗಂಡನ ಬಿರುದುಗಳನ್ನೆಲ್ಲ ಆಕೆ ಒಂದೂ ತಪ್ಪದೆ ಹೇಳಿದಳು. "ಹೆಸರು, ತಾಯಿ?" ಎಂದ ಕಾಳೋಜ. ಆಗಲೇ ಆಕೆಗೆ ಹೊಳೆದದ್ದು. ಗಂಡನ ಹೆಸರನ್ನು ಹೆಂಡತಿಯಾದವಳು ನಾಲಗೆಗೆ ತರುವುದುಂಟೇ? ಇಪ್ಪತ್ತು ವರ್ಷದ ಸಂಸಾರದಲ್ಲಿ ಆಡದ್ದನ್ನು ಇಷ್ಟು ಜನರೆದುರು ಆಡುವುದೇ? "ನಿನಗೆ ಗೊತ್ತಿಲ್ಲವೇನೋ?" ಎಂದಳು. "ಗೊತ್ತು ತಾಯಿ. ನಿಮ್ಮ ಬಾಯಿಂದಲೇ ಬರಬೇಕೆಂದು ನಿಮ್ಮದೇ ಅಪ್ಪಣೆಯಲ್ಲವೇ?" ಕೊಟ್ಟ ಅಪ್ಪಣೆಯನ್ನು ಹಿಂದಕ್ಕೆ ಪಡೆಯುವ ಜಾಯಮಾನ ಆಕೆಯದಲ್ಲ. "ಅದೇ... ಅವರ ಕೆರೆ!" ಎಂದು ಗದರಿ ಪಲ್ಲಕ್ಕಿ ಹತ್ತಿದಳು.

ಏರಿಯ ಕಾವಲಿನವನು ಅಪ್ಪಣೆಯನ್ನು ಚಾಚೂ ತಪ್ಪದೆ ನಡೆಸಿದ. ದೊರೆಯ ಹೆಸರೆತ್ತಿದವರ ಕೊಡ ಬರಿದಾಗಿ ಮರಳಿತು. 'ಅವರ ಕೆರೆ' ಎಂದವರದು ತುಂಬಿತು. ವಾರದೊಳಗೆ ಊರಿಗೆ ಊರೇ ಹಾಗೆ ಕರೆಯಿತು. ತನ್ನ ಕೈಯಾರೆ ಹೆಸರು ಮುಳುಗಿತಲ್ಲ ಎಂದು ಹೊನ್ನಾಜಮ್ಮಣ್ಣಿ ಅನ್ನ ಬಿಟ್ಟಳು. ಕೊನೆಗೆ ಅಗಸರ ಮುದುಕಿ ಸಿದ್ದಮ್ಮನನ್ನು ಕರೆಸಿ, "ಅವರ ಕೆರೆ ಅನ್ನುತ್ತೀಯಲ್ಲ, ಯಾರೇ ಆ ಅವರು?" ಎಂದು ಕೇಳಿದಳು. ಮುದುಕಿ ಸೆರಗು ಬಾಯಿಗಿಟ್ಟು ನಕ್ಕಳು. "ಚೆನ್ನಾಗಿ ಕೇಳಿದ್ರಿ ಅಮ್ಮಣ್ಣಿ! ಗೊತ್ತಿಲ್ದೆ ನೀರು ಹೊರ್ತೀವಾ? ಹೆಸರು ಕೂಗಿದ್ರೆ ಬೀದೀಲಿ ನಾಲ್ಕು ಜನ ಓ ಅಂತಾರೆ. ಅವರು ಅಂದ್ರೆ ಅವರೊಬ್ಬರೇ." ಅಂದು ಆಕೆ ಎರಡು ತುತ್ತು ಹೆಚ್ಚಾಗಿಯೇ ಉಂಡಳಂತೆ.

ಆ ದೊರೆಯ ಹೆಸರು ಈಗ ಯಾರಿಗೂ ತಿಳಿಯದು. ಕಲ್ಲಿನ ಮೇಲಿನ ಗೇಣು ಹಾಗೆಯೇ ಇದೆ. ಆದರೆ ದಾರಿ ಕೇಳಿದವರಿಗೆ "ಅವರ ಕೆರೆಯೇ?" ಎನ್ನುವಾಗ ಅಲ್ಲಿನ ಹೆಂಗಸರು ಇಂದಿಗೂ ಸೆರಗು ಸರಿಮಾಡಿಕೊಳ್ಳುತ್ತಾರೆ. ಅವನ ಕೆರೆ ಎಂದು ಇದುವರೆಗೆ ಒಬ್ಬರೂ ಅಂದಿಲ್ಲ.