ಗಾಳಿಯಪ್ಪನ ಔತಣ

ಗೋಬರ್ ಗ್ಯಾಸ್ ತೊಟ್ಟಿಯಲ್ಲಿ ಅವತ್ತು ಏನಾಯಿತು, ಹೇಳಿ ನೋಡೋಣ? ಸಗಣಿನೀರಿನ ಮೇಲ್ಪದರದಲ್ಲಿ ಆಮ್ಲಜನಕ ಉಂಡು ಬೆಳೆಯುವ ಬ್ಯಾಕ್ಟೀರಿಯಾ ಗಾಳಿಯಪ್ಪ, ತಳದಲ್ಲಿರುವ ಕೆಸರಮ್ಮನನ್ನು ಊಟಕ್ಕೆ ಕರೆದ. ಆಕೆಯೂ ಬ್ಯಾಕ್ಟೀರಿಯಾವೇ, ಆದರೆ ಆಕೆಗೆ ಆಮ್ಲಜನಕವೆಂದರೆ ವಿಷ. ಎಲೆಗೆ ಬಡಿಸಿದ್ದು ಅದನ್ನೇ; ಎರಡೇ ತುತ್ತಿಗೆ ಬಾಡಿದಳು.

"ಸಂಕೋಚ ಬೇಡ ತಾಯಿ, ಇನ್ನೊಂದೇ ಒಂದು ಸೌಟು!"

"ಅಯ್ಯೋ ಮಹಾರಾಯ, ಪ್ರಾಣ ಹೋಗ್ತಿದೆ!"

"ಹಾಗಂದರೆ ಹೇಗೆ? ಎಲೆಯಲ್ಲಿ ಬಿಡಬಾರದು!"

ಕೆಸರಮ್ಮ ತಳಕ್ಕೆ ಮುಳುಗಿ, ಚೇತರಿಸಿಕೊಂಡು ಕೂಗಿದಳು: "ಉಪಚಾರ ಮಾಡಲೇಬೇಕೆಂದರೆ ನನ್ನ ಪಾಲನ್ನೂ ನೀವೇ ಉಣ್ಣಿ. ಒಂದಗುಳೂ ಕೆಳಗೆ ಬೀಳದಿದ್ದರೆ ನಾನು ಮಕ್ಕಳುಮರಿಯೊಂದಿಗೆ ಬೆಳೆದೇನು!"

ಗಾಳಿಯಪ್ಪ ಕಣ್ಣರಳಿಸಿದ. ಅತಿಥಿಯ ಎಲೆಯನ್ನೂ ತಾನೇ ಬಳಿದುಂಡು ಪುಣ್ಯ ಕಟ್ಟಿಕೊಂಡ ಯಜಮಾನ ಅವನೊಬ್ಬನೇ. ಇದು ನಡೆದದ್ದು ಆಷಾಢ ಶುದ್ಧ ಏಕಾದಶಿ, ಬುಧವಾರ; ಊರಿಗೆಲ್ಲ ಉಪವಾಸ.