ತುಂಗಿಯ ಇಡೀ ಎತ್ತು

ಎಲ್ಲರೂ ಕೂತಿರಾ? ಕಾಲು ಮಡಿಸಿದಿರಾ? ಹಿಂದಿನವರು ಮುಂದಿನವರ ಜಡೆ ಎಳೆಯಬಾರದು. ಹಾಗಾದರೆ ಕೇಳಿ.

ಒಂದು ಊರು. ಆ ಊರಲ್ಲಿ ಮಡಕೆ ಮಾಡುವ ಗುರವ್ವಜ್ಜಿ. ನಾಳೆ ಮಣ್ಣೆತ್ತಿನ ಅಮಾವಾಸ್ಯೆ. ನಾಳೆ ಮನೆಮನೆಗೂ ಒಂದು ಮಣ್ಣಿನ ಎತ್ತು ಬೇಕು, ಪೂಜೆ ಮಾಡಬೇಕು. ಅದಕ್ಕೇ ಊರ ಮಕ್ಕಳೆಲ್ಲ ಅಜ್ಜಿಯ ಅಂಗಳದಲ್ಲಿ ಕೂಡಿದ್ದರು.

ಹೋದ ವರ್ಷವೂ ಕೂಡಿದ್ದರು. ಅಯ್ಯೋ, ಅದನ್ನೇನು ಹೇಳಲಿ. ನೀರಿಗೆ ಒಂದೇ ಬಟ್ಟಲು. ಬಟ್ಟಲು ಉರುಳಿತು. ಇದ್ದದ್ದು ಒಂದೇ ಹಲಗೆ. ಹಲಗೆಗೆ ಜಗಳ. ಮಣ್ಣನ್ನಂತೂ ಸಿಕ್ಕಷ್ಟು ಕಿತ್ತುಕೊಂಡರು. ಭೀಮಶಿಯ ಕೈ ದೊಡ್ಡದು. ಭೀಮಶಿಗೆ ದೊಡ್ಡ ಮುದ್ದೆ. ತುಂಗಿ ಎಲ್ಲರಿಗಿಂತ ಚಿಕ್ಕವಳು. ತುಂಗಿಗೆ ಸಿಕ್ಕಿದ್ದೆಷ್ಟು? ಒಂದು ಬಾಲಕ್ಕಾಗುವಷ್ಟು. ಪಾಪ, ತುಂಗಿ ಬಾಲ ಮಾಡಿದಳು. ಬಾಲಕ್ಕೇ ಪೂಜೆ ಮಾಡಿದಳು.

ಈ ವರ್ಷ ಅಜ್ಜಿ ಮೊದಲೇ ಯೋಚನೆ ಮಾಡಿದಳು. ಒಬ್ಬರಿಗೊಂದು ಹಲಗೆ. ಇಬ್ಬರಿಗೊಂದು ಬಟ್ಟಲು ನೀರು. ಎತ್ತಿನ ಕಣ್ಣಿಗೆ ಜೋಳದ ಕಾಳು. ಮಣ್ಣು ಕೊಯ್ಯಲು ಗಟ್ಟಿ ದಾರ. ದಾರದ ಎರಡು ತುದಿಗೆ ಎರಡು ಕಡ್ಡಿ.

"ಈ ಸಲ ಯಾರೂ ಕಿತ್ತುಕೊಳ್ಳಂಗಿಲ್ಲ," ಅಂದಳು ಅಜ್ಜಿ. "ದಾರದಲೆ ಕೊಯ್ದು ಕೊಡ್ತೀನಿ. ಎಲ್ಲಾರಿಗೂ ಸಮ ಪಾಲು."

ತುಂಗಿ ಕುಣಿದಳು. ಮಣ್ಣಿನ ಮೇಲೇ ಕುಣಿದಳು. ಮಣ್ಣು ತುಳಿಯೋದು ಚಿಕ್ಕವರ ಕೆಲಸ ನೋಡಿ. ಥಪ್ ಥಪ್, ಥಪ್ ಥಪ್. ಮೊಣಕಾಲ ತನಕ ಮಣ್ಣು. ಮಣ್ಣು ಬೆಣ್ಣೆಯಂತಾಯಿತು. ಅಜ್ಜಿ ದಾರಕ್ಕೆ ಕೈ ಚಾಚಿದಳು.

ಹಲಗೆ ಇದೆ. ಬಟ್ಟಲು ಇದೆ. ಜೋಳ ಇದೆ. ದಾರ ಇಲ್ಲ.

ಹೂವಿನ ದಾರ ತಂದರು. ಪಟ್ ಅಂತ ಹರಿಯಿತು. ಕುಡಗೋಲು ತಂದರು. ಮಣ್ಣೆಲ್ಲ ಕುಡಗೋಲಿಗೇ ಮೆತ್ತಿತು. ಭೀಮಶಿ ತನ್ನ ದೊಡ್ಡ ಕೈ ಮುಂದೆ ಮಾಡಿದ.

"ಕಿತ್ತುಕೊಳ್ಳೂಣೇನ್ ಅಜ್ಜಿ?"

ತುಂಗಿ ಜಿಗಿದು ಅಡ್ಡ ನಿಂತಳು. ಮತ್ತೆ ಬಾಲವೇ ಗತಿಯಾ?

"ತಡೀರಿ. ದಾರ ನಾ ತರ್ತೀನಿ," ಅಂದಳು.

"ಮಣ್ಣು ಒಣಗೂದರೊಳಗ ತಾ ಮಗಳ," ಅಂದಳು ಅಜ್ಜಿ. "ಅಲ್ಲೀತನಕ ಯಾರೂ ಮುಟ್ಟಂಗಿಲ್ಲ. ಭೀಮಶಿ, ಕೈ ಕಟ್ಟು."

ತುಂಗಿ ಕೆಳಗೆ ನೋಡಿದಳು. ಮೇಲೆ ನೋಡಿದಳು. ಪಡಸಾಲೆಯ ಜಂತಿಯ ಸಂದಿಯಲ್ಲಿ ಗುಬ್ಬಿಯ ಗೂಡು. ಗೂಡಿನಿಂದ ಒಂದು ಕಡ್ಡಿ ಜೋತಾಡುತ್ತಿದೆ. ಕಡ್ಡಿಗೆ ದಾರ.

"ಗುಬ್ಬಕ್ಕಾ ಗುಬ್ಬಕ್ಕಾ, ದಾರ ಕೊಡು.
ದಾರ ಅಜ್ಜಿಗೆ. ಅಜ್ಜಿ ಮಣ್ಣು ಕೊಯ್ತಾಳ.
ಮಣ್ಣು ನನಗ. ನನಗ ಇಡೀ ಎತ್ತು ಬೇಕು."

ಗುಬ್ಬಕ್ಕ ಕತ್ತು ಹೊರಳಿಸಿದಳು. "ಹಾಂಗ ಕೊಡಾಕ ಬರೂದಿಲ್ಲವ್ವ. ನಾ ಮೊಟ್ಟೆ ಇಡಬೇಕು. ಗೂಡಿಗೆ ಮೆತ್ತಂದು ಬೇಕು. ಹತ್ತಿ ತಾ. ದಾರ ಒಯ್ಯಿ."

ತುಂಗಿ ಓಡಿದಳು. ಗಾದಿ ಹೊಲಿಯುವ ಹುಸೇನಜ್ಜ ಹತ್ತಿ ಬಡಿಯುತ್ತಿದ್ದ. ಟಂಯ್ ಟಂಯ್, ಟಂಯ್ ಟಂಯ್. ಗಡ್ಡ ಯಾವುದು, ಹತ್ತಿ ಯಾವುದು, ಅವನಿಗೇ ಗೊತ್ತಿರಲಿಲ್ಲ.

"ಹುಸೇನಜ್ಜಾ ಹುಸೇನಜ್ಜಾ, ಹತ್ತಿ ಕೊಡು.
ಹತ್ತಿ ಗುಬ್ಬಕ್ಕಗ. ಗುಬ್ಬಕ್ಕ ದಾರ ಕೊಡ್ತಾಳ.
ದಾರ ಅಜ್ಜಿಗೆ. ಅಜ್ಜಿ ಮಣ್ಣು ಕೊಯ್ತಾಳ.
ಮಣ್ಣು ನನಗ. ನನಗ ಇಡೀ ಎತ್ತು ಬೇಕು."

ಹುಸೇನಜ್ಜ ಕೆಮ್ಮಿದ. "ಗಂಟಲ ಒಣಗೇತಿ ಮಗಳ. ಏಳಾಕ ಆಗವಲ್ದು. ಒಂದು ತಂಬಿಗಿ ಮಜ್ಜಿಗಿ ತಾ. ಹತ್ತಿ ಒಯ್ಯಿ."

ತುಂಗಿ ಓಡಿದಳು. ಎಮ್ಮೆ ಸಾಕಿದ ನೀಲಕ್ಕ ಮೊಸರಿನ ಗಡಿಗೆಯನ್ನು ತಬ್ಬಿಕೊಂಡು ಕೂತಿದ್ದಳು. ಕೂಸನ್ನು ತಬ್ಬಿದ ಹಾಗೆ.

"ನೀಲಕ್ಕಾ ನೀಲಕ್ಕಾ, ಮಜ್ಜಿಗಿ ಕೊಡು.
ಮಜ್ಜಿಗಿ ಹುಸೇನಜ್ಜಗ. ಹುಸೇನಜ್ಜ ಹತ್ತಿ ಕೊಡ್ತಾನ.
ಹತ್ತಿ ಗುಬ್ಬಕ್ಕಗ. ಗುಬ್ಬಕ್ಕ ದಾರ ಕೊಡ್ತಾಳ.
ದಾರ ಅಜ್ಜಿಗೆ. ಅಜ್ಜಿ ಮಣ್ಣು ಕೊಯ್ತಾಳ.
ಮಣ್ಣು ನನಗ. ನನಗ ಇಡೀ ಎತ್ತು ಬೇಕು."

"ಹೆಂಗ ಕೊಡ್ಲೆವ್ವ?" ಅಂದಳು ನೀಲಕ್ಕ. "ಗಡಿಗಿ ಕೆಳಗಿನ ಸಿಂಬಿ ಹರದು ಹೋಗೇತಿ. ಬಿಟ್ರ ಗಡಿಗಿ ಉರುಳತೈತಿ. ಹಿಡಕೊಂಡ್ರ ಮೊಸರು ಕಡಿಯಾಕ ಕೈ ಇಲ್ಲ. ಸಿಂಬಿ ಸುತ್ತಾಕ ಹುಲ್ಲು ತಾ. ಮಜ್ಜಿಗಿ ಒಯ್ಯಿ."

ತುಂಗಿ ಓಡಿದಳು. ಹುಲ್ಲು ಸಿಕ್ಕಿತು. ಹುಲ್ಲಿನ ಮೇಲೆ ಒಂದು ಎತ್ತು ಮಲಗಿತ್ತು. ಅದರ ಒಂದು ಕೊಂಬು ನೆಟ್ಟಗೆ. ಇನ್ನೊಂದು ಕೊಂಬು ಸೊಟ್ಟಗೆ.

"ಎತ್ತಪ್ಪಾ ಎತ್ತಪ್ಪಾ, ಹುಲ್ಲು ಕೊಡು.
ಹುಲ್ಲು ನೀಲಕ್ಕಗ. ನೀಲಕ್ಕ ಮಜ್ಜಿಗಿ ಕೊಡ್ತಾಳ.
ಮಜ್ಜಿಗಿ ಹುಸೇನಜ್ಜಗ. ಹುಸೇನಜ್ಜ ಹತ್ತಿ ಕೊಡ್ತಾನ.
ಹತ್ತಿ ಗುಬ್ಬಕ್ಕಗ. ಗುಬ್ಬಕ್ಕ ದಾರ ಕೊಡ್ತಾಳ.
ದಾರ ಅಜ್ಜಿಗೆ. ಅಜ್ಜಿ ಮಣ್ಣು ಕೊಯ್ತಾಳ.
ಮಣ್ಣು ನನಗ. ನನಗ ಇಡೀ ಎತ್ತು ಬೇಕು."

ಎತ್ತು ಮೆಲುಕು ಹಾಕಿತು. ನಿಧಾನಕ್ಕೆ ಹೇಳಿತು. "ವರ್ಷಾ ಮಣ್ಣೆತ್ತು ಮಾಡ್ತೀರಿ. ಎಲ್ಲಾ ನೆಟ್ಟನ ಕೊಂಬಿನವು. ನನ್ನಂಥಾದ್ದು ಒಂದಾದ್ರೂ ಮಾಡೀರೇನು? ಸೊಟ್ಟ ಕೊಂಬಿನ ಮಣ್ಣೆತ್ತು ತಾ. ಹುಲ್ಲು ಒಯ್ಯಿ."

ಅಯ್ಯಯ್ಯೋ. ಈಗೇನು ಮಾಡೋದು?

ಎತ್ತಿಗೆ ಮಣ್ಣೆತ್ತು ಬೇಕು. ಮಣ್ಣೆತ್ತಿಗೆ ಮಣ್ಣು ಬೇಕು. ಮಣ್ಣಿಗೆ ದಾರ ಬೇಕು. ದಾರಕ್ಕೆ ಹತ್ತಿ ಬೇಕು. ಹತ್ತಿಗೆ ಮಜ್ಜಿಗೆ ಬೇಕು. ಮಜ್ಜಿಗೆಗೆ ಹುಲ್ಲು ಬೇಕು. ಹುಲ್ಲು ಎಲ್ಲಿದೆ? ಎತ್ತಿನ ಹೊಟ್ಟೆಯ ಕೆಳಗಿದೆ. ಗಾಣದೆತ್ತಿನ ಹಾಗೆ ಸುತ್ತಿ ಸುತ್ತಿ ಅಲ್ಲಿಗೇ ಬಂತು.

ತುಂಗಿ ದೊಪ್ಪನೆ ಕೂತಳು. ಕಾಲು ಚಾಚಿ ಅತ್ತಳು. "ಈ ವರ್ಷಾನೂ ನನಗ ಬಾಲಾನ."

ಎತ್ತಿಗೆ ಅಯ್ಯೋ ಅನ್ನಿಸಿತು. ಕತ್ತು ಚಾಚಿ ತುಂಗಿಯ ಕಾಲು ನೆಕ್ಕಿತು. ಬರಕ್ ಬರಕ್. ತುಂಗಿಗೆ ಕಚಗುಳಿ. ಅಳುತ್ತಾ ಅಳುತ್ತಾ ನಕ್ಕಳು. ನಗುತ್ತಾ ನಗುತ್ತಾ ಕಾಲು ನೋಡಿಕೊಂಡಳು.

ಕಾಲ ಮೇಲೆ ಏನಿತ್ತು? ನೀವೇ ಹೇಳಿ.

ಹೂಂ, ಮಣ್ಣು. ಬೆಳಿಗ್ಗೆ ತುಳಿದ ಮಣ್ಣು. ಒಣಗಿತ್ತು. ಎತ್ತು ನೆಕ್ಕಿದ ಮೇಲೆ ಮತ್ತೆ ಮೆತ್ತಗಾಗಿತ್ತು.

ತುಂಗಿ ಕೆರೆದಳು. ಬಲಗಾಲ ಮಣ್ಣು ತೆಗೆದು ಹೊಟ್ಟೆ ಮಾಡಿದಳು. ಎಡಗಾಲ ಮಣ್ಣು ತೆಗೆದು ತಲೆ ಮಾಡಿದಳು, ನಾಲ್ಕು ಕಾಲು ಮಾಡಿದಳು. ಬೆರಳ ಸಂದಿಯ ಮಣ್ಣು ತೆಗೆದು ಕೊಂಬು ಮಾಡಿದಳು. ಒಂದು ನೆಟ್ಟಗೆ, ಒಂದು ಸೊಟ್ಟಗೆ. ಕಣ್ಣಿಗೆ ಜೋಳ ಇರಲಿಲ್ಲ. ಉಗುರಿನಿಂದ ಚುಚ್ಚಿದಳು.

ಎತ್ತು ನೋಡಿತು. ಆ ಕಡೆಯಿಂದ ನೋಡಿತು. ಈ ಕಡೆಯಿಂದ ನೋಡಿತು. "ನಾನ ಇದು," ಅಂದಿತು. ಸಂತೋಷಕ್ಕೆ ಎದ್ದೇ ನಿಂತಿತು.

ಎತ್ತು ಎದ್ದಿತು, ಹುಲ್ಲು ಸಿಕ್ಕಿತು.
ಹುಲ್ಲು ನೀಲಕ್ಕನಿಗೆ. ನೀಲಕ್ಕ ಸಿಂಬಿ ಸುತ್ತಿದಳು. ಗಡಿಗೆ ಗಟ್ಟಿಯಾಗಿ ಕೂತಿತು. ಸರ್ ಬುರ್ ಸರ್ ಬುರ್, ಮಜ್ಜಿಗೆ ಆಯಿತು.
ಮಜ್ಜಿಗೆ ಹುಸೇನಜ್ಜನಿಗೆ. ಗಟಗಟ ಕುಡಿದ. ಗಡ್ಡ ಒರೆಸಿಕೊಂಡ. ಹಿಡಿ ತುಂಬ ಹತ್ತಿ ಕೊಟ್ಟ.
ಹತ್ತಿ ಗುಬ್ಬಕ್ಕನಿಗೆ. ಗೂಡಿಗೆ ಹಾಸಿದಳು. ಮೇಲೆ ಕೂತು ನೋಡಿದಳು. ದಾರ ಬಿಟ್ಟಳು.
ದಾರ ಗುರವ್ವಜ್ಜಿಗೆ.

ಭೀಮಶಿ ಇನ್ನೂ ಕೈ ಕಟ್ಟಿಕೊಂಡೇ ಕೂತಿದ್ದ. ಪಾಪ, ಮೂಗು ತುರಿಸುತ್ತಿತ್ತು.

ಅಜ್ಜಿ ಎರಡು ಕಡ್ಡಿ ಹಿಡಿದು ದಾರ ಎಳೆದಳು. ಸುಯ್. ಭೀಮಶಿಯ ದೊಡ್ಡ ಕೈಗೆ ಒಂದು ಪಾಲು. ಸುಯ್. ತುಂಗಿಯ ಪುಟ್ಟ ಕೈಗೆ ಒಂದು ಪಾಲು. ಅಷ್ಟೇ ಮಣ್ಣು. ಸಮಕ್ಕೆ ಸಮ.

ತುಂಗಿ ತಲೆ ಮಾಡಿದಳು. ಹೊಟ್ಟೆ ಮಾಡಿದಳು. ಬೆನ್ನ ಮೇಲೆ ಡುಬ್ಬದಂಥ ಇಣಿ ಮಾಡಿದಳು. ನಾಲ್ಕು ಕಾಲು ಮಾಡಿದಳು. ಎರಡು ಕೊಂಬು ಮಾಡಿದಳು. ಜೋಳದ ಕಣ್ಣು ಇಟ್ಟಳು. ಇನ್ನೂ ಮಣ್ಣು ಉಳಿದಿತ್ತು. ಎಷ್ಟು? ಒಂದು ಬಾಲಕ್ಕಾಗುವಷ್ಟು.

ಕಟ್ಟಕಡೆಗೆ ಬಾಲ ಮಾಡಿದಳು.

ಭೀಮಶಿ ಬಗ್ಗಿ ನೋಡಿದ. "ನಿನ್ನ ಎತ್ತಿನ ಕೊಂಬು ಸೊಟ್ಟ ಆಗೇತಿ."

"ಆಗಿಲ್ಲ," ಅಂದಳು ತುಂಗಿ. "ನಾನ ಮಾಡೀನಿ."

ಭೀಮಶಿ ತನ್ನ ಎತ್ತು ನೋಡಿದ. ತುಂಗಿಯ ಎತ್ತು ನೋಡಿದ. ಸುಮ್ಮನೆ ತನ್ನದರ ಒಂದು ಕೊಂಬು ಬಗ್ಗಿಸಿದ. ಅವನ ಪಕ್ಕದವಳು ಬಗ್ಗಿಸಿದಳು. ಅವಳ ಪಕ್ಕದವನು ಬಗ್ಗಿಸಿದ. ಆ ವರ್ಷ ಮನೆಮನೆಯಲ್ಲೂ ಸೊಟ್ಟ ಕೊಂಬಿನ ಎತ್ತಿಗೇ ಪೂಜೆ.

ಮರುವರ್ಷಕ್ಕೆ ಅಜ್ಜಿ ಏನೇನು ತೆಗೆದಿಟ್ಟಳು ಗೊತ್ತಾ? ಒಬ್ಬರಿಗೊಂದು ಹಲಗೆ. ಇಬ್ಬರಿಗೊಂದು ಬಟ್ಟಲು. ಕಣ್ಣಿಗೆ ಜೋಳ. ಕೊಯ್ಯಲು ದಾರ. ಮತ್ತೆ ಗುಬ್ಬಕ್ಕನಿಗೆ ಒಂದು ಹಿಡಿ ಹತ್ತಿ.

ಗುಬ್ಬಿ ಹತ್ತಿಯ ಮೇಲೆ. ಗಡಿಗೆ ಸಿಂಬಿಯ ಮೇಲೆ. ಎತ್ತು ಹಲಗೆಯ ಮೇಲೆ. ಕಥೆ ನಿಮ್ಮ ತಲೆಯ ಮೇಲೆ. ಏಳಿ, ಊಟಕ್ಕೆ ಹೊತ್ತಾಯಿತು, ಕೈ ತೊಳೆಯಿರಿ. ಕಾಲು ಮಾತ್ರ ಈಗಲೇ ತೊಳೆಯಬೇಡಿ.