ಮೊದಲೇ ಮಣ್ಣು ಹಚ್ಚಿದ ಬೆನ್ನು

ಕತೆ ಬರೆದು ನನಗೆ ಅಭ್ಯಾಸವಿಲ್ಲ. ಇದೇ ಮೊದಲನೆಯದು. ನಗು ಬರಬೇಕಾದ ಕಡೆ ಬಾರದಿದ್ದರೆ ತಪ್ಪು ನನ್ನದು, ಬೊಮ್ಮರಸನದಲ್ಲ. ದಯವಿಟ್ಟು ಕ್ಷಮಿಸಿ.

ಬೊಮ್ಮರಸ ಎಂದರೆ ಕಲ್ಲಗುಂಡಿಯ ದೊರೆ ವೀರಪ್ಪನಾಯಕರ ಆಸ್ಥಾನದಲ್ಲಿ ಓಲೆ ಬರೆಯುತ್ತಿದ್ದವನು. ಕಡ್ಡಿಯಂಥ ಆಳು. ದೊರೆಗೆ ಕುಸ್ತಿಯ ಹುಚ್ಚು. ಇಪ್ಪತ್ತು ವರ್ಷದಿಂದ ಒಮ್ಮೆಯೂ ಸೋತಿರಲಿಲ್ಲ. ಕುಸ್ತಿಯಲ್ಲಿ ಯಾರ ಬೆನ್ನು ನೆಲಕ್ಕೆ ತಾಗುತ್ತದೋ ಅವನು ಸೋತ ಹಾಗೆ. ಇದು ನಿಮಗೆ ಗೊತ್ತೇ ಇರುತ್ತದೆ. ಆದರೂ ಹೇಳಿಬಿಟ್ಟೆ, ಮುಂದೆ ಬೇಕಾಗುತ್ತದೆ.

ಒಂದು ದಿನ ದೊರೆ ತುಂಬಿದ ಸಭೆಯಲ್ಲಿ ತೊಡೆ ತಟ್ಟಿದರು.

"ಬೊಮ್ಮರಸ, ಹೊಳೆಯಾಚೆಯ ದೊರೆಗೆ ಓಲೆ ಬರಿ. ಅವನ ಜಟ್ಟಿಯನ್ನು ಕಳಿಸಲಿ, ನಾನೇ ಕೆಡವುತ್ತೇನೆ. ನಾನು ಸೋತರೆ ನಮ್ಮ ದೊಡ್ಡಕೆರೆ ಅವನದು ಅಂತ ಬರಿ!"

ಊರಿನ ಗದ್ದೆಗಳಿಗೆಲ್ಲ ನೀರು ಆ ಒಂದೇ ಕೆರೆಯಿಂದ. ಹೊಳೆಯಾಚೆಯ ಜಟ್ಟಿಯೋ, ಕೋಣವನ್ನು ಕೊಂಬು ಹಿಡಿದು ಮಲಗಿಸುವವನು. ನಮ್ಮ ದೊರೆಗೆ ಈಗ ಮೆಟ್ಟಿಲು ಹತ್ತಿದರೆ ಏದುಸಿರು.

"ಗೆಲುವು ತಮ್ಮದೇ ಪ್ರಭು!" ಎಂದರು ಮಂತ್ರಿಗಳು.

"ಓಲೆಯಲ್ಲಿ ತಮ್ಮ ಪಟ್ಟುಗಳನ್ನು ವರ್ಣಿಸಬೇಕಲ್ಲ ಪ್ರಭು," ಎಂದ ಬೊಮ್ಮರಸ. "ನೋಡದೆ ಬರೆದರೆ ಸಪ್ಪೆ. ನಾಳೆ ಗರಡಿಯಲ್ಲಿ ಒಂದು ಪಟ್ಟು ನನ್ನ ಮೇಲೇ ಹಾಕಿ ತೋರಿಸಿ."

"ನಿನ್ನ ಮೇಲಾ? ಮುರಿದು ಹೋಗ್ತೀಯಲ್ಲೋ!"

"ಮುರಿದಷ್ಟೂ ವರ್ಣನೆ ಚೆನ್ನಾಗಿ ಬರುತ್ತೆ."

ಮರುದಿನ ಬೆಳಿಗ್ಗೆ ಬೊಮ್ಮರಸ ಲಂಗೋಟಿ ಕಟ್ಟಿಕೊಂಡು ಗರಡಿಗೆ ಬಂದ. ಬೆನ್ನ ತುಂಬ ಕೆಮ್ಮಣ್ಣು. ಗರಡಿಯ ನೆಲದಲ್ಲಿ ಇರುತ್ತದಲ್ಲ, ಅಂಥದೇ ಮಣ್ಣು.

"ಇದೇನೋ? ಇನ್ನೂ ಕೈ ಮಿಲಾಯಿಸಿಯೇ ಇಲ್ಲ, ಆಗಲೇ ಬೆನ್ನಿಗೆ ಮಣ್ಣು?"

"ಹೇಗೂ ಬೀಳೋನು ಪ್ರಭು. ಮನೆಯಲ್ಲೇ ಹಚ್ಚಿಕೊಂಡು ಬಂದರೆ ತಮಗೆ ಶ್ರಮ ಕಡಿಮೆ."

"ಮನೆಯಲ್ಲೇ ಸೋತು ಬಂದವನನ್ನು ಕೆಡವಿದರೆ ನನಗೇನು ಕೀರ್ತಿ?"

"ಅದನ್ನೇ ಈ ಪೈಲ್ವಾನರನ್ನೂ ಕೇಳಿ. ಇವರೂ ಮನೆಯಲ್ಲೇ ಸೋತು ಬರೋರು. ಮಣ್ಣು ಮಾತ್ರ ಇಲ್ಲಿ ಬಂದು ಹಚ್ಚಿಕೊಳ್ತಾರೆ."

ದೊರೆಯ ಮುಖ ಕೆಂಪಾಯಿತು. ಕೋಪದಿಂದ, ಮಣ್ಣಿನಿಂದಲ್ಲ.

"ಸುಳ್ಳು! ಮೈಲಾರಿ, ನೀನು ಹೇಳೋ!"

ಮೈಲಾರಿ ಆ ಗರಡಿಯ ಹಿರಿಯ ಪೈಲ್ವಾನ. ಅವನು ಕಾಲ್ಬೆರಳಿನಿಂದ ಮಣ್ಣು ಕೆದಕುತ್ತ ನಿಂತ.

"ಅವನ ಬಾಯಿ ಬಿಡಿಸೋದು ಬೇಡ ಪ್ರಭು," ಎಂದ ಬೊಮ್ಮರಸ. "ಸೋತವನಿಗೆ ಮೈನೋವು ಅಂತ ತಾವು ಒಂದು ಕೊಡ ತುಪ್ಪ ಕೊಡಿಸ್ತೀರಿ. ಇವತ್ತೊಂದು ದಿನ ತುಪ್ಪ ಗೆದ್ದವನಿಗೆ, ಗೆದ್ದದ್ದಕ್ಕೆ ಶಿಕ್ಷೆಯಿಲ್ಲ ಅನ್ನಿ. ಮೈಲಾರಿ ಬಿದ್ದರೆ ಈಗಲೇ ಓಲೆ ಬರೀತೀನಿ. ಅದರ ಜೊತೆ ನನ್ನ ತಲೆಯನ್ನೂ ಕಳಿಸಿಬಿಡಿ."

"ಆಗಲಿ, ಆಣೆ ಇಟ್ಟೆ! ಬಾರೋ ಮೈಲಾರಿ!"

"ನಿಜವಾಗಲೂ ಗೆಲ್ಲಬಹುದಾ ಬುದ್ಧಿ?"

"ಕೈಲಾದರೆ ಗೆಲ್ಲು!"

"ತುಪ್ಪ ಹಸುವಿನದಾ, ಎಮ್ಮೆಯದಾ?"

"ಬಾರೋ ಅಂದರೆ!"

ಇಲ್ಲಿ ಪಟ್ಟುಗಳನ್ನು ಒಂದೊಂದಾಗಿ ವಿವರಿಸಬೇಕೆಂದುಕೊಂಡಿದ್ದೆ. ಆದರೆ ಕುಸ್ತಿ ಅಷ್ಟು ಹೊತ್ತು ನಡೆಯಲೇ ಇಲ್ಲ. ದೊರೆ ಧೊಪ್ಪೆಂದು ಬೆನ್ನ ಮೇಲೆ ಬಿದ್ದಿದ್ದರು.

ಮೈಲಾರಿ ತುಪ್ಪ ಮರೆತು ಬಾಗಿಲ ಕಡೆಗೆ ಹಿಂದೆ ಹಿಂದೆ ಸರಿದ. ದೊರೆ ಮಾತ್ರ ಹಾಗೇ ಮಲಗಿ ಮೇಲೆ ನೋಡುತ್ತಿದ್ದರು.

"ಬೊಮ್ಮರಸ, ಈ ಸೂರಿನಲ್ಲಿ ತೂತು ಬಿದ್ದಿದೆಯಲ್ಲೋ. ಆಕಾಶ ಕಾಣ್ತಿದೆ. ಯಾವಾಗಿನಿಂದ?"

"ಹತ್ತು ವರ್ಷ ಆಯ್ತು ಪ್ರಭು. ಪೈಲ್ವಾನರಿಗೆಲ್ಲ ಗೊತ್ತು. ಅದು ಕಾಣೋ ಹಾಗೆ ಮಲಗೋ ಭಾಗ್ಯ ತಮಗೊಬ್ಬರಿಗೇ ಸಿಕ್ಕಿರಲಿಲ್ಲ."

ದೊರೆಯ ಹೊಟ್ಟೆ ಮೊದಲು ಕುಲುಕಿತು. ಆಮೇಲೆ ನಗು ಹೊರಗೆ ಬಂತು. ನಕ್ಕು ನಕ್ಕು ಕಣ್ಣೊರೆಸಿಕೊಂಡರು. ಎಬ್ಬಿಸಲು ನಾಲ್ವರು ಬೇಕಾಯಿತು.

"ಓಲೆ ಬೇಡ ಕಣಯ್ಯ. ಕೆರೆ ನಮ್ಮದಾಗಿಯೇ ಇರಲಿ. ಮೈಲಾರಿಗೆ ತುಪ್ಪ ಕೊಡಿ. ನಿನಗೆ ಈ ಕಡಗ, ತಗೋ!"

ಇಷ್ಟೇ ಕತೆ. ಆದರೆ ಸೂರಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು, ಇಲ್ಲದಿದ್ದರೆ ನಿಮಗೆ ತಪ್ಪು ತಿಳಿವಳಿಕೆಯಾದೀತು. ಬೊಮ್ಮರಸ ಹೇಳಿದ್ದು ಬರೀ ಗರಡಿಯ ಸೂರಿನ ಮಾತಲ್ಲ. ಅದರ ಒಳಾರ್ಥ ಏನೆಂದರೆ, ಮನುಷ್ಯ ಎಷ್ಟೇ ದೊಡ್ಡವನಾಗಲಿ, ಒಂದಲ್ಲ ಒಂದು ಸಲ ತಾನಾಗಿಯೇ— ಬಂದೆ ಅತ್ತಿಗೆ! ಹಾಲು ಉಕ್ಕುತ್ತಾ ಇದೆಯಾ? ಬಂದೆ, ಬಂದೆ!